ಅಂಗೈಯ ಮೀನು

ಬೀದರದಿಂದ ಭಾಲ್ಕಿಗೆ ಹೊರಟ ಬಾಡಿಗೆ ಕಾರು ತಗ್ಗಿಗೆ ಬಿದ್ದೆದ್ದಾಗಲೆಲ್ಲ ವೈಜಿನಾಥನ ಎದೆಯ ಮೇಲಿನ ಗಂಟು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ಹೊಸ ಅಂಗಿಯ ಗುಂಡಿಗೆ ಬಡಿಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಕೊರಳಿಗೆ ಬಿದ್ದ, ಲಿಂಗ ಕಟ್ಟುವ ಶಿವದಾರಕ್ಕೆ ಕತ್ತು ತುರಿಸುತ್ತಿತ್ತು. ತುರಿಸಿಕೊಂಡರೆ ಹಿಂದಿನ ಸೀಟಿನಲ್ಲಿರುವ ಹೆಂಡತಿ ಅನುಸೂಯಾಬಾಯಿ ನೋಡುತ್ತಾಳೆ, ನೋಡಿದರೆ ರೂಢಿ ತಪ್ಪಿದವರ ಪಾಡೇ ಇಷ್ಟು ಎನ್ನುತ್ತಾಳೆ, ಅಂದರೆ ಅದು ನಿಜವೇ ಆಗಿರುತ್ತದೆ. ಹಾಗಾಗಿ ಹಲ್ಲು ಕಚ್ಚಿ ತಡೆದುಕೊಂಡು, ಡ್ರೈವರ್ ಸ್ವಪ್ನಿಲನ ಪಕ್ಕ ಕೂತು, ಒಳಗೊಳಗೇ ನಗುತ್ತಿದ್ದ. ಬೀದರದ ಕಾಳುಪೇಟೆ ಗಾಂಧಿ ಗಂಜಿನಲ್ಲಿ ಅಪ್ಪನ ಕಾಲದಿಂದ ಅಡತಿ ಅಂಗಡಿ, ತಲೆಯ ಮೇಲೆ ಇಸ್ತ್ರಿ ಮಾಡಿದ ಟೋಪಿ, ಒಬ್ಬಳೇ ಮಗಳ ಸಂಬಂಧ ಗಟ್ಟಿಯಾಗಬೇಕಾದ ದಿನ. ಇಷ್ಟೆಲ್ಲ ಇಟ್ಟುಕೊಂಡೂ ಮನುಷ್ಯನ ಮನಸ್ಸು ಇದ್ದದ್ದು ಒಂದು ಮೀನಿನ ಮೇಲೆ. ಹೆಬ್ಬೆರಳುದ್ದದ ಮೀನು, ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತು ಕಲ್ಲಾದದ್ದು. ಅದನ್ನು ಈಗಷ್ಟೇ ಚೌಬಾರಾದ ಹತ್ತಿರ ಬಿದ್ರಿ ಕೆಲಸದ ಗುಲಾಮ ರಸೂಲನ ಕೈಯಲ್ಲಿಟ್ಟು ಬಂದಿದ್ದ. ಸಂಜೆ ಹೊತ್ತಿಗೆ ಅದು ಖರೇ ಮೀನೋ ಖೋಟಾ ಮೀನೋ ತಿಳಿದುಹೋಗುತ್ತದೆ. ಯೋಚನೆ ಬಂದ ಕೂಡಲೇ ಕಿಟಕಿಯಾಚೆಯ ತೊಗರಿ ಹೊಲಗಳೆಲ್ಲ ಅವನಿಗೆ ಸಂಬಂಧಿಕರಂತೆ ಕಂಡವು.

ಮಗಳು ಸೌಂದರ್ಯಾ ದನದ ಡಾಕ್ಟರ್. ಹುಡುಗ ಅಮಿತಕುಮಾರನೂ ದನದ ಡಾಕ್ಟರ್. ಇಬ್ಬರೂ ಬೀದರದಲ್ಲಿ ಒಟ್ಟಿಗೆ ಓದುವಾಗಲೇ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು, ಹಿರಿಯರು ಒಪ್ಪುವುದಷ್ಟೇ ಬಾಕಿ. ಹುಡುಗನ ಕಡೆಯವರು ಬಂದು ಹುಡುಗಿಯನ್ನು ನೋಡಿ ಹೋಗಿದ್ದರು. ಇವತ್ತು ಮಗಳನ್ನು ಮನೆಯಲ್ಲೇ ಬಿಟ್ಟು ಗಂಡಹೆಂಡತಿ ಹೋಗಿ ಹುಡುಗನ ಮನೆ ನೋಡುವುದು. ನೋಡುವುದು ಎಂದರೆ ಉಣ್ಣುವುದು: ಆ ಮನೆಯಲ್ಲಿ ತುತ್ತು ಬಾಯಿಗಿಟ್ಟರೆ ಸಂಬಂಧ ಒಪ್ಪಿದ ಹಾಗೆ, ಏನಾದರೂ ನೆಪ ಹೇಳಿ ಎದ್ದರೆ ಒಲ್ಲೆ ಎಂದ ಹಾಗೆ. ಬಾಯಿಬಿಟ್ಟು ಯಾರೂ ಏನೂ ಹೇಳಬೇಕಾಗಿಲ್ಲ. ಹುಡುಗನ ತಂದೆ ಮಲ್ಲಿಕಾರ್ಜುನಪ್ಪನವರು ಬಲು ನೇಮದವರು, ಅವರ ಮನೆಯಲ್ಲಿ ಕೊರಳಲ್ಲಿ ಲಿಂಗವಿಲ್ಲದೆ ಯಾರೂ ತುತ್ತು ಎತ್ತುವುದಿಲ್ಲ, ಮೊದಲು ಎಲ್ಲರೂ ಸಾಲಾಗಿ ಕೂತು ಪೂಜೆ, ಆಮೇಲೆ ಪ್ರಸಾದ ಎಂದು ಅನುಸೂಯಾಬಾಯಿ ವಾರದಿಂದ ಗಂಡನ ಕಿವಿಗೆ ಹಾಕುತ್ತಿದ್ದಳು. ಅದಕ್ಕೇ ಈ ಶಿವದಾರ. ದೇವರ ಗೂಡಿನಲ್ಲಿ ಕಟ್ಟಿಗೆಯ ಡಬ್ಬಿಯೊಳಗೆ ಆರಾಮವಾಗಿದ್ದ ಲಿಂಗವನ್ನು ಬೀಗರಾಗುವವರ ಕಣ್ಣಿಗಾಗಿ ಕೊರಳಿಗೆ ಕಟ್ಟಿಕೊಂಡು ಹೊರಟಿದ್ದೇನೆ ಎಂಬುದು ನೆನಪಾದಾಗ ವೈಜಿನಾಥನಿಗೆ ತುಸು ನಾಚಿಕೆಯಾಯಿತು. ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ. ಗುಲಾಮ ರಸೂಲ ಈಗ ಮೀನಿನ ಪರೀಕ್ಷೆಗೆ ಸೂಜಿ ಕಾಸುತ್ತಿರಬಹುದು ಎಂದು ಮನಸ್ಸು ಮತ್ತೆ ಚೌಬಾರಾಕ್ಕೆ ಓಡಿತು.

ಈ ಕಲ್ಲುಮೀನಿನ ಹುಚ್ಚು ಹತ್ತಿದ್ದು ತೊಗರಿ ಸುಗ್ಗಿಯಲ್ಲಿ. ಠಾಣಾ ಕುಶನೂರ ಕಡೆಯ ಮಾಲು ಬಂದಿತ್ತು. ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈ ಮೇಲೆ ಕಾಳು ಸುರಿದುಕೊಂಡು, ಒಂದನ್ನು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಡಿದರೆ ಎಷ್ಟು ಒಣಗಿದೆ, ಎಷ್ಟು ಹಸಿ ಎಂದು ಹೇಳಿಬಿಡುವ ಬಾಯಿ ಅವನದು. ಅವತ್ತು ಕಟಂ ಎಂದಿತು. ಉಗುಳಿದರೆ ಕಲ್ಲು. ಬೈಯಲು ಬಾಯಿ ತೆರೆದವನು ಹಾಗೇ ನಿಂತ, ಏಕೆಂದರೆ ಕಲ್ಲಿನ ಮೇಲೆ ಉಗುರಿನಷ್ಟು ಜಾಗದಲ್ಲಿ, ಎಂಜಲಿಗೆ ಹೊಳೆಯುತ್ತ, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಸಾಲುಸಾಲು ಹೊಪ್ಪಳಿಕೆ. ಸೌಂದರ್ಯಾ ಭೂತಗನ್ನಡಿ ಹಿಡಿದು, ಪುಸ್ತಕ ತೆಗೆದು, ಮೊಬೈಲಿನಲ್ಲಿ ಹುಡುಕಿ, ಕೊನೆಗೆ ಇದು ಮೀನಿನ ಮೈಮೇಲಿನ ಹುರುಪೆ ಎಂದಳು. ಈ ಸೀಮೆಯ ಕರಿಗಲ್ಲೆಲ್ಲ ಒಂದಾನೊಂದು ಕಾಲಕ್ಕೆ ಬೆಂಕಿಯಾಗಿ ಹರಿದದ್ದಂತೆ. ಒಂದು ಹರಿವಿಗೂ ಇನ್ನೊಂದು ಹರಿವಿಗೂ ನಡುವೆ ನೆಲ ತಣ್ಣಗಾಗಿ, ಮಳೆ ಬಿದ್ದು, ಕೆರೆಗಳಾಗಿ, ಕೆರೆಯಲ್ಲಿ ಮೀನಾಗಿ, ಇನ್ನೇನು ಸುಖವಾಗಿದ್ದೇವೆ ಅನ್ನುವಷ್ಟರಲ್ಲಿ ಮತ್ತೆ ಬೆಂಕಿ. ಹೀಗೆಂದು ಅವಳು ಹೇಳುತ್ತಿದ್ದಾಗ ವೈಜಿನಾಥನಿಗೆ ತಲೆ ಧಿಮ್ಮೆಂದಿತ್ತು. ಹುಟ್ಟಿದಾಗಿನಿಂದ ಅವನು ತೊಗರಿ ಕಂಡವನು, ಸೋಯಾ ಕಂಡವನು, ಲಾರಿ ಕಂಡವನು. ತನ್ನ ಕಾಲ ಕೆಳಗೆ ಒಂದು ಕೆರೆ ಇತ್ತೆಂದು ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಔರಾದ ಕಡೆ ವಸೂಲಿಗೆ ಹೋದರೆ ಹೊಸ ಬಾವಿ ತೋಡಿದಲ್ಲೆಲ್ಲ ಗಾಡಿ ನಿಲ್ಲಿಸಿ, ಧೋತರ ಎತ್ತಿಕಟ್ಟಿ, ಮಣ್ಣುಗುಡ್ಡೆ ಹತ್ತಿ ಕೂಡುವುದು ಶುರುವಾಯಿತು. ಹಲ್ಲು ಸಿಕ್ಕಿತು, ಹೊಪ್ಪಳಿಕೆ ಸಿಕ್ಕಿತು, ಬಾಲದ ಒಂದು ಚೂರು ಸಿಕ್ಕಿತು. ಇಡೀ ಮೀನು ಸಿಗಲಿಲ್ಲ. ಗಂಜಿನ ಹಮಾಲರು ಚೀಲದಲ್ಲಿ ಸಿಕ್ಕ ಕಲ್ಲುಗಳನ್ನೆಲ್ಲ ತಂದು, ಸಾವಕಾರ್ರ, ಇದರಾಗ ಮೊಸಳಿ ಅದ ನೋಡ್ರಿ ಎಂದು ಗಂಭೀರವಾಗಿ ಮುಂದಿಟ್ಟು, ಅವನು ಕನ್ನಡಕ ಹಾಕಿಕೊಳ್ಳುವ ತನಕ ಕಾದು, ಆಮೇಲೆ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೂ ಕನ್ನಡಕ ಹಾಕಿಕೊಂಡು ನೋಡದೆ ಬಿಡುತ್ತಿರಲಿಲ್ಲ.

ಇಡೀ ಮೀನಿನ ಆಸೆಗೆ ಒಮ್ಮೆ ಮೊಬೈಲಿನಲ್ಲಿ ಒಂದನ್ನು ತರಿಸಿ ಕೆಟ್ಟಿದ್ದ. ಚಂದದ ಪೆಟ್ಟಿಗೆಯಲ್ಲಿ ಬಂತು, ಹಳದಿ ಕಲ್ಲಿನ ಮೇಲೆ ಕಂದು ಮೀನು, ಮುಳ್ಳು ಮುಳ್ಳೂ ಎಣಿಸಬಹುದು. ಗುಲಾಮ ರಸೂಲನ ಅಂಗಡಿಗೆ ಮೆರೆಯಲು ಒಯ್ದ. ಅವನು ಕೈಯಲ್ಲಿ ಹಿಡಿದು, ಹೆಬ್ಬೆರಳು ಒದ್ದೆ ಮಾಡಿ ಒಮ್ಮೆ ಉಜ್ಜಿದ, ಮೀನು ಬೆರಳಿಗೆ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಮಾತ್ರ ವೈಜಿನಾಥನಿಗೆ ಅಳು ಬಂದಿತ್ತು. ಅದಕ್ಕಿಂತ ದೊಡ್ಡ ತೊಡಕು ಅನುಸೂಯಾಬಾಯಿ. ಅವಳ ತವರಿನಲ್ಲಿ ಮೀನು ಎಂಬ ಶಬ್ದವನ್ನೂ ಊಟದ ಹೊತ್ತಿಗೆ ಆಡುವುದಿಲ್ಲ. ಮೊದಲ ಹೊಪ್ಪಳಿಕೆಯನ್ನು ಶೋಕೇಸಿನಲ್ಲಿ ಇಟ್ಟ ದಿನವೇ ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು: “ಕಲ್ಲಾದ್ರ ಮೀನ ಹೋಗಿ ಬದನಿಕಾಯಿ ಆಗ್ತದೇನ್ರಿ?” ಅವತ್ತಿನಿಂದ ಕಲ್ಲುಗಳೆಲ್ಲ ಅಂಗಡಿಯ ಗಾದಿಯ ಹಿಂದಿನ ಡಬ್ಬಗಳಿಗೆ ಹೋದವು. ಆದರೆ ಮೂರು ದಿನದ ಹಿಂದೆ ಚಿಂತಾಕಿ ಹತ್ತಿರ ಬಾವಿ ತೋಡುವ ಮಕ್ಸೂದ, ಟ್ರ್ಯಾಕ್ಟರಿನ ಸೀಟಿನ ಕೆಳಗಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕಲ್ಲು ತೆಗೆದು, ನಿಮ್ಮದೇ ನೋಡ್ರಿ ಸಾವಕಾರ್ರ ಎಂದು ಕೊಟ್ಟ ಮೇಲೆ ವೈಜಿನಾಥ ಮನುಷ್ಯನಾಗಿ ಉಳಿಯಲಿಲ್ಲ. ಒಂದು ಕಡೆ ಉರುಟು, ಒಂದು ಕಡೆ ಸೀಳಿದ ಹಾಗೆ ಚಪ್ಪಟೆ, ಬೂದು ಮಿಶ್ರಿತ ಕಪ್ಪು, ನಿಂಬೆಹಣ್ಣಿಗಿಂತ ತುಸು ದೊಡ್ಡದು. ಚಪ್ಪಟೆಯಾದ ಕಡೆ, ತಲೆಯಿಂದ ಬಾಲದ ತನಕ, ಬೆನ್ನು ಸ್ವಲ್ಪ ಬಾಗಿಸಿ, ಇಡೀ ಮೀನು. ಇದನ್ನು ಅಂಗಡಿಯಲ್ಲಿ ಬಿಟ್ಟು ಮಲಗುವುದು ಹೇಗೆ?

ಬಿಟ್ಟು ಮಲಗಲಿಲ್ಲ. ಮನೆಗೆ ತಂದ. ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಅಲೆದು, ದೇವರ ಗೂಡಿನ ಮುಂದೆ ಬಂದು ನಿಂತಾಗ ಆ ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ಕಪಾಳಕ್ಕೆ ಹೊಡೆದುಕೊಳ್ಳಬೇಕೋ ಬೆನ್ನು ತಟ್ಟಿಕೊಳ್ಳಬೇಕೋ ತಿಳಿಯಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೆಂಡತಿಯೂ ಮುಟ್ಟುವುದಿಲ್ಲ. ಮನೆಯ ಮೂಲೆಮೂಲೆಯನ್ನೂ ಗುಡಿಸಿ ಒರೆಸುವ ಅನುಸೂಯಾಬಾಯಿಯ ಕೈ ಆ ಕಟ್ಟಿಗೆ ಡಬ್ಬಿಯ ಹತ್ತಿರ ಬಂದು ನಿಲ್ಲುತ್ತದೆ. ಭಾಲ್ಕಿಗೆ ಹೋಗುವುದಿದೆಯೆಂದು ಅವಳು ತಂದಿಟ್ಟಿದ್ದ ಹೊಸ ಬಿಳಿ ವಸ್ತ್ರವನ್ನು ವೈಜಿನಾಥ ಸದ್ದಾಗದ ಹಾಗೆ ನಡುವೆ ಹರಿದು, ಒಂದರಲ್ಲಿ ಲಿಂಗವನ್ನೂ ಇನ್ನೊಂದರಲ್ಲಿ ಮೀನನ್ನೂ ಕಟ್ಟಿ, ಎರಡನ್ನೂ ಡಬ್ಬಿಯಲ್ಲಿ ಅಕ್ಕಪಕ್ಕ ಮಲಗಿಸಿ ಮುಚ್ಚಳ ಹಾಕಿದ. ಮಾರನೆಯ ದಿನ ಪೂಜೆಗೆಂದು ಬಾಗಿಲು ಮುಂದೆ ಮಾಡಿಕೊಂಡು ಕೂತು, ಬಿಚ್ಚಿದ್ದು ಮೀನಿನ ಗಂಟನ್ನು. ಎಡ ಅಂಗೈಯಲ್ಲಿ ಇಟ್ಟುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ರೆಪ್ಪೆ ಬಡಿಯದೆ ನೋಡಿದ. ನೋಡುತ್ತ ಹೋದ ಹಾಗೆ, ಅಪ್ಪ ಚಿಕ್ಕಂದಿನಲ್ಲಿ ಲಿಂಗವನ್ನು ಹೀಗೆ ಅಂಗೈಯಲ್ಲಿಟ್ಟು ಕಣ್ಣು ನೆಡು, ಬೇರೆಲ್ಲ ಮರೆಯುತ್ತದೆ ಎಂದು ಎಷ್ಟು ಹೇಳಿಕೊಟ್ಟರೂ ಆಗದಿದ್ದದ್ದು ಈಗ ತಾನಾಗಿ ಆಯಿತು, ಬೇರೆಲ್ಲ ಮರೆಯಿತು, ಹೆಂಡತಿ ಚಹಾಕ್ಕೆ ಕೂಗಿದ್ದೂ ಕೇಳಲಿಲ್ಲ. ಇವರಿಗೆ ಈ ವಯಸ್ಸಿಗೆ ಭಕ್ತಿ ಹುಟ್ಟಿತೆಂದು ಅವಳು ಮಗಳ ಮುಂದೆ ಹೇಳಿ ಸಂತೋಷಪಟ್ಟಳು. ಆ ಸಂತೋಷ ಅವನನ್ನು ಎಲ್ಲ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಉಳಿದದ್ದು ಒಂದೇ ಪ್ರಶ್ನೆ, ಖರೇ ಹೌದೋ ಅಲ್ಲವೋ. ಸೌಂದರ್ಯಾ ಸುಲಭದ ಉಪಾಯ ಹೇಳಿದ್ದಳು: ನಿಜವಾದ ಹಳೆಯ ಎಲುಬಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ನಾಲಿಗೆ ತಾಗಿಸಿದರೆ ತೇವ ಹೀರಿ ಗಪ್ಪನೆ ಅಂಟಿಕೊಳ್ಳುತ್ತದೆ, ಕೆತ್ತಿದ್ದೋ ಎರಕ ಹೊಯ್ದದ್ದೋ ಆದರೆ ಅಂಟುವುದಿಲ್ಲ. ದಿನಕ್ಕೆ ನೂರು ಜನರ ತೊಗರಿ ಕಡಿಯುವ ಬಾಯಿ, ಇದಕ್ಕೆ ಮಾತ್ರ ತೆರೆಯಲಿಲ್ಲ. ಎರಡು ಸಲ ತುಟಿಯ ತನಕ ತಂದು, ಮೀನು, ಮೀನು ಎಂದು ಒಳಗಿನಿಂದ ಯಾರೋ ಕೂಗಿದಂತಾಗಿ ಕೆಳಗಿಟ್ಟಿದ್ದ. ಅದಕ್ಕೇ ಗುಲಾಮ ರಸೂಲನ ಸೂಜಿ. ಕಾಸಿ ಮುಟ್ಟಿಸಿದರೆ ರಾಳದ್ದಾಗಿದ್ದರೆ ವಾಸನೆ ಬರುತ್ತದೆ. ಅದರಲ್ಲೂ ಒಂದು ಕೆಟ್ಟ ಆಲೋಚನೆ ಇತ್ತು. ಈ ಸೀಮೆಯಲ್ಲಿ ಇಷ್ಟು ಚಂದದ ಮೀನು ಕೆತ್ತಬಲ್ಲವರು ಯಾರು? ಹೂಜಿಯ ಮೇಲೆ, ಪಾನದಾನದ ಮೇಲೆ ಬೆಳ್ಳಿಯ ತಂತಿಯಲ್ಲಿ ಜೋಡಿ ಮೀನು ಕೂಡಿಸುವ ಗುಲಾಮ ರಸೂಲನೇ. ಅವನೂ ಮಕ್ಸೂದನೂ ಸೇರಿ ತನ್ನನ್ನು ಕುಣಿಸುತ್ತಿರಬಹುದೇ? ಕೊಡುವಾಗ ಮುಖ ನೋಡಬೇಕು ಎಂದುಕೊಂಡಿದ್ದ. ಈ ಬೆಳಿಗ್ಗೆ ಕರೆಂಟು ಹೋಗಿ, ಹೊರಗೆ ಸ್ವಪ್ನಿಲ ಹಾರ್ನ್ ಹೊಡೆದು, ಅನುಸೂಯಾಬಾಯಿ ಅಂಗಳದಿಂದ ಕರೆಕರೆದು, ಅವನು ಕತ್ತಲ ಗೂಡಿನಲ್ಲಿ ಕೈಹಾಕಿ ಒಂದು ಗಂಟನ್ನು ಶಿವದಾರಕ್ಕೆ ಪೋಣಿಸಿ, ಒಂದನ್ನು ಕಿಸೆಗೆ ಇಳಿಸಿ ಓಡಿಬಂದಿದ್ದ. ಬೀಗರಿಗೆ ಕೊಡಲು ಬಿದ್ರಿ ಡಬ್ಬಿ ತರುತ್ತೇನೆಂದು ಚೌಬಾರಾದಲ್ಲಿ ಇಳಿದು, ಗಂಟು ದಾಟಿಸಿ, ಮುಖ ನೋಡಿದರೆ ಗುಲಾಮ ರಸೂಲ ಆಕಳಿಸುತ್ತಿದ್ದ. ಆಕಳಿಕೆಯಲ್ಲಿ ಮೋಸ ಕಾಣಲಿಲ್ಲ.

ಮಲ್ಲಿಕಾರ್ಜುನಪ್ಪನವರ ಮನೆಯ ಪಡಸಾಲೆಯಲ್ಲಿ ಸಾಲಾಗಿ ಮಣೆ ಹಾಕಿದ್ದರು. ಎತ್ತರದ ಮನುಷ್ಯ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಕುಶಲ ಕೇಳಿದ್ದನ್ನೂ ಪರೀಕ್ಷೆಯಂತೆ ಕೇಳಿದರು. ವೈಜಿನಾಥ ಅವರ ಬಲಕ್ಕೆ ಕೂತ, ಆಚೆ ಬದಿ ಅಮಿತಕುಮಾರ, ಎದುರಿಗೆ ಅನುಸೂಯಾಬಾಯಿ ಮತ್ತು ಮನೆಯ ಹೆಂಗಸರು. ಎಲ್ಲರ ಮುಂದೆಯೂ ಒಂದೊಂದು ತಂಬಿಗೆ, ವಿಭೂತಿ, ಪತ್ರಿ. ಎಲ್ಲರೂ ಕೊರಳಿನ ಗಂಟು ಬಿಚ್ಚಿದರು. ಅವನೂ ಬಿಚ್ಚಿದ. ಬೆರಳಿಗೆ ಚಪ್ಪಟೆಯಾದದ್ದೇನೋ ತಾಕಿತು. ವಸ್ತ್ರದ ಕೊನೆಯ ಮಡಿಕೆ ಸರಿಯಿತು, ಎಡ ಅಂಗೈಯಲ್ಲಿ ಬೆನ್ನು ಬಾಗಿಸಿಕೊಂಡು ಮೀನು ಮಲಗಿತ್ತು. ಮುಚ್ಚುವುದೆ? ಏಳುವುದೆ? ಎದ್ದರೆ ಯಾಕೆಂದು ಕೇಳುತ್ತಾರೆ. ಬಲಗೈ ತನ್ನಷ್ಟಕ್ಕೆ ಎಡಗೈಯ ಮೇಲೆ ಮರೆಯಾಗಿ ಬಾಗಿತು. ಪಕ್ಕದಲ್ಲಿ ಮಂತ್ರ ಶುರುವಾಯಿತು. ಎಲ್ಲರೂ ವಿಭೂತಿ ತೆಗೆದುಕೊಂಡರು, ತೆಗೆದುಕೊಳ್ಳದಿದ್ದರೆ ಎಲ್ಲರ ಕಣ್ಣು ತನ್ನ ಮೇಲೆ ಬೀಳುತ್ತದೆಂದು ಅವನೂ ತೆಗೆದುಕೊಂಡು, ಹೆಬ್ಬೆರಳಿನಿಂದ ಕಲ್ಲಿನ ಮೇಲೆ ಎಳೆದ. ಬಿಳಿ ಪುಡಿ ಗೆರೆಗೆರೆಯಲ್ಲೂ ಕೂತು, ಈ ತನಕ ಕಾಣದಿದ್ದದ್ದೆಲ್ಲ ಎದ್ದು ಬಂತು: ಕೂದಲಿಗಿಂತ ಸಣ್ಣ ಮುಳ್ಳುಗಳು, ರೆಕ್ಕೆಯ ಕಡ್ಡಿಗಳು, ಮುಚ್ಚಿದ ಕಿವಿರಿನ ಅಂಚು, ಸಾಸಿವೆಯಷ್ಟು ಕಣ್ಣಿನ ಗುಳಿ. ಇಷ್ಟು ಸಣ್ಣದನ್ನು ಯಾವ ಉಳಿಯೂ ಕೆತ್ತಲಾರದು. ಸುಮ್ಮನೆ ಅನುಮಾನಪಟ್ಟದ್ದಕ್ಕೆ ಗುಲಾಮ ರಸೂಲನಿಗೆ ಮನಸ್ಸಿನಲ್ಲೇ ಕೈಮುಗಿದ.

ಆಮೇಲೆ ನೀರು. ಎಲ್ಲರೂ ಅಂಗೈಯ ಲಿಂಗದ ಮೇಲೆ ಒಂದು ಚಮಚ ಎರೆದರು, ಅವನೂ ಎರೆದ. ಕಲ್ಲಿನ ಅಂಚಿನಿಂದ ನೀರು ಜಾರಿ ಅಂಗೈಗೆ ಇಳಿಯಿತು. ಮೀನಿನ ಮೇಲೆ ಬಿದ್ದದ್ದು ಮಾತ್ರ ಜಾರಲಿಲ್ಲ, ನೋಡುನೋಡುತ್ತಲೇ ಒಳಗೆ ಹೋಯಿತು. ಬಾಯಾರಿದ ಮೀನು ಎಷ್ಟು ಕಾಲದ ಮೇಲೆ ನೀರು ಕುಡಿಯಿತೋ. ಅವನಿಗೆ ನಗು ಉಕ್ಕಿ ಬಂತು, ಭಯ ಉಕ್ಕಿ ಬಂತು, ಎರಡೂ ಸೇರಿ ಕಣ್ಣು ತೇವವಾಯಿತು. ಎದುರಿಗಿದ್ದ ಅನುಸೂಯಾಬಾಯಿ ಗಂಡನ ಕಣ್ಣು ತೇವವಾದದ್ದನ್ನು ಕಂಡು, ಪಕ್ಕದವರಿಗೆ ಕಾಣಲೆಂದು ತುಸು ಹೆಮ್ಮೆಯಿಂದ ಕೂತಳು. ಈಗ ತೀರ್ಥ. ಎಲ್ಲರೂ ಅಂಗೈಯನ್ನು ತುಟಿಗೆ ಎತ್ತಿದರು. ಎಲ್ಲರಿಗಿಂತ ತಡವಾಗಿ, ಕಣ್ಣು ಮುಚ್ಚಿ, ಅವನೂ ಎತ್ತಿದ. ಜನ್ಮದಲ್ಲಿ ಮೀನು ಮುಟ್ಟದ ಬಾಯಿ. ನೀರು ತಣ್ಣಗೆ ಇಳಿಯಿತು, ಮಣ್ಣಿನ ರುಚಿ, ವಿಭೂತಿಯ ರುಚಿ; ಕೈ ಇಳಿಸಲು ಹೋದರೆ ಇಳಿಯಲಿಲ್ಲ. ಕೆಳತುಟಿಯೂ ನಾಲಿಗೆಯ ತುದಿಯೂ ಕಲ್ಲಿಗೆ ಅಂಟಿಕೊಂಡಿದ್ದವು. ಎಳೆದ. ಮೆಲ್ಲಗೆ, ಒಲ್ಲದ ಮನಸ್ಸಿನಿಂದ ಬಿಟ್ಟಿತು. ಖರೇ, ಖರೇ, ಖರೇ ಎಂದು ಒಳಗೆ ಬಾಜಾಭಜಂತ್ರಿ ಶುರುವಾಯಿತು. ಮಣೆಯ ಮೇಲೆ ಎದ್ದು ನಿಂತು ಕುಣಿಯಬೇಕೆನ್ನಿಸಿದ್ದನ್ನು ತಡೆದುಕೊಳ್ಳಲು ಒಂದು ಕಾಲಿನ ಹೆಬ್ಬೆರಳನ್ನು ಇನ್ನೊಂದು ಕಾಲಿನದರಿಂದ ಒತ್ತಿ ಹಿಡಿದ. ಆ ಒತ್ತುವಿಕೆಯಲ್ಲೇ ಇನ್ನೊಂದು ಮಾತು ಹೊಳೆದು ಬಾಜಾ ನಿಂತಿತು: ಮೀನು ಇಲ್ಲಿದ್ದರೆ ಲಿಂಗ ಎಲ್ಲಿ? ಲಿಂಗ ಚೌಬಾರಾದಲ್ಲಿ, ಕಾಸಿದ ಸೂಜಿಯ ಕೆಳಗೆ.

ಮೀನನ್ನು ಮತ್ತೆ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಮೊಬೈಲು ತೆಗೆದರೆ ಗುಲಾಮ ರಸೂಲನೇ ನಾಲ್ಕಾರು ಸಲ ಫೋನು ಮಾಡಿದ್ದ. ತಿರುಗಿ ಮಾಡಿದ ಕೂಡಲೇ ಆ ಕಡೆಯಿಂದ ಪಿಸುದನಿ ಬಂತು, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ. “ಸಾವಕಾರ್ರ, ನೀವು ಕೊಟ್ಟಿದ್ದು ಮೀನ ಅಲ್ರಿ. ಬಿಚ್ಚಿ ನೋಡಿದೆ, ಹಂಗೇ ಕಟ್ಟಿದೆ. ಕೈ ಹಚ್ಚಿಲ್ರಿ, ಸೂಜಿನೂ ಹಚ್ಚಿಲ್ಲ. ಮನಿಗಿ ತಂದು ಎತ್ತರದಾಗ ಇಟ್ಟೇನಿ. ಈಗೇ ಗಾಡಿ ಮ್ಯಾಲ ತರ್ತೇನಿ.” ವೈಜಿನಾಥ ಬಾವಿಕಟ್ಟೆ ಹಿಡಿದುಕೊಂಡು ಕೂತ. ಇಂಥವನ ಆಕಳಿಕೆಯಲ್ಲಿ ಮೋಸ ಹುಡುಕಿದ್ದೆನಲ್ಲ. ಬೀದರದಿಂದ ಬರಲು ಗಂಟೆಗಿಂತ ಹೆಚ್ಚು ಬೇಕು. ಒಳಗೆ ಎಲೆ ಹಾಕುವ ಸದ್ದು ಆಗಲೇ ಕೇಳುತ್ತಿತ್ತು.

ಎಲೆಯ ಮೇಲೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತುಪ್ಪದಲ್ಲಿ ಮುಳುಗಿದ ಹೋಳಿಗೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಉಣ್ಣು ಎಂದಿತು ಮನಸ್ಸು. ಉಂಡರೆ ಸೌಂದರ್ಯಾಳ ಮದುವೆ, ಏನು ಮಹಾ, ನಿನ್ನೆ ಮನೆಯಲ್ಲಿ ಲಿಂಗ ಕಟ್ಟಿಕೊಂಡು ಉಂಡೆಯೇನು, ಮೊನ್ನೆ ಗಂಜಿನ ಖಾನಾವಳಿಯಲ್ಲಿ ಉಂಡೆಯೇನು? ಎಲ್ಲ ನಿಜ. ರೊಟ್ಟಿ ಮುರಿದ. ಮುರಿದ ತುಣುಕು ಪಲ್ಯದ ತನಕ ಹೋಯಿತು, ಪಲ್ಯ ಹಿಡಿಯಿತು, ಮೇಲೆ ಬರಲಿಲ್ಲ. ಲಿಂಗ ಡಬ್ಬಿಯಲ್ಲಿ ತನ್ನ ಪಾಡಿಗೆ ಇದ್ದಾಗ ಅದು ಇದೆಯೆಂಬ ನೆನಪೂ ಇಲ್ಲದೆ ಉಂಡವನಿಗೆ, ಅದು ದಾರಿಯ ಮೇಲೆ ಯಾರದೋ ಗಾಡಿಯಲ್ಲಿ ಬರುತ್ತಿದೆ ಎಂದು ಗೊತ್ತಾದ ಈಗ, ಕೈ ಏಳದು. ಎಂಥ ಹೊತ್ತಿನಲ್ಲಿ ಭಕ್ತಿ ಹುಟ್ಟಿತಪ್ಪಾ ಎಂದುಕೊಂಡ. ಮಲ್ಲಿಕಾರ್ಜುನಪ್ಪನವರು ಇನ್ನೂ ರೊಟ್ಟಿ ಮುರಿದಿರಲಿಲ್ಲ. ಬೀಗರು ಬಾಯಿಗಿಡುವ ತನಕ ಮನೆಯವರು ಇಡುವಂತಿಲ್ಲ. ಅಮಿತಕುಮಾರ ತನ್ನ ಎಲೆ ನೋಡುತ್ತಿದ್ದ, ಅವನ ಕಿವಿ ಕೆಂಪಾಗುತ್ತಿತ್ತು. ಬಡಿಸುವ ಹೆಂಗಸರು ನಿಂತರು. ಅನುಸೂಯಾಬಾಯಿ ಕಣ್ಣಲ್ಲೇ ಗಂಡನನ್ನು ತಿವಿದಳು. ಇವರಿಗೆ ನಮ್ಮ ಮನೆ ಹಿಡಿಸಲಿಲ್ಲ ಎಂದು ಯಾರೋ ಒಳಗಿನಿಂದ ಅಂದದ್ದು ಕೇಳಿಸಿತು. ಊಟ ಮಾಡ್ರಿ ಎಂದರು ಮಲ್ಲಿಕಾರ್ಜುನಪ್ಪ, ಸಾವಕಾಶವಾಗಿ, ಅವನ ಮುಖವನ್ನೇ ನೋಡುತ್ತ.

“ಉಣ್ಣಲಿಕ್ಕ ಬರಂಗಿಲ್ರಿ,” ಎಂದ ವೈಜಿನಾಥ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. “ನಿಮ್ಮ ಮನಿಯಾಗ ಏನೂ ಕಮ್ಮಿ ಇಲ್ಲ. ನನ್ನ ಕೊರಳಾಗ ಲಿಂಗ ಇಲ್ರಿ. ಬೀದರದಿಂದ ಬರ್ಲಿಕತ್ತದ. ಇದರಾಗ ಮೀನ ಅದ.” ಹೇಳಿದವನೇ ಗಂಟು ಬಿಚ್ಚಿ ಅಂಗೈ ಮುಂದೆ ಹಿಡಿದ. ವಿಭೂತಿ ಧರಿಸಿದ ಮೀನು ಪಡಸಾಲೆಯ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಬಡಿಸುವವರ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಅನುಸೂಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಗಿಯಿತು, ಮಗಳ ಬಾಳನ್ನು ಒಂದು ಕಲ್ಲಿಗೆ ಬಲಿಗೊಟ್ಟೆ ಎಂದುಕೊಂಡ ವೈಜಿನಾಥ. ಅಂದುಕೊಳ್ಳುವಾಗಲೂ ಕಣ್ಣು ಮಾತ್ರ ಮೀನಿನ ರೆಕ್ಕೆಯ ಮೇಲೆ ಇತ್ತು.

ಮಲ್ಲಿಕಾರ್ಜುನಪ್ಪ ಬಾಗಿ ನೋಡಿದರು. ಕನ್ನಡಕ ತರಿಸಿ ಹಾಕಿಕೊಂಡು ಮತ್ತೆ ನೋಡಿದರು. “ಖರೇ ಮೀನೇನ್ರಿ?”

“ಖರೇ ಅದರಿ.” ತಲೆ ತಗ್ಗಿಸಬೇಕಾದವನು ತಲೆ ಎತ್ತಿದ್ದ, ಹಲ್ಲೆಲ್ಲ ಕಾಣುತ್ತಿದ್ದವು, ತಡೆಯಲಾಗಲಿಲ್ಲ. “ಈಗ ತೀರ್ಥ ತಗೊಳ್ಳುವಾಗ ತುಟಿಗಿ ಹತ್ತಿಕೊಂಡಿತು. ಖೋಟಾ ಇದ್ರ ಹತ್ತಂಗಿಲ್ರಿ.”

ಮಲ್ಲಿಕಾರ್ಜುನಪ್ಪ ತಮ್ಮ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದರು. ಎಲ್ಲರೂ ತಮ್ಮತಮ್ಮ ಎಲೆ ಮುಚ್ಚಿದರು. ಲಿಂಗ ಬರಲಿ, ಕೂಡೇ ಉಣ್ಣೋಣ ಎಂದಷ್ಟೇ ಹೇಳಿ ಗೋಡೆಗೆ ಒರಗಿದರು. ಅಮಿತಕುಮಾರ ಮೊದಲು ಎದ್ದು ಬಂದು ಅಂಗೈಗೆ ಬಾಗಿದ, ಎಮ್ಮೆಯ ಹಲ್ಲು ಎಣಿಸುವವನ ಗಂಭೀರತೆಯಿಂದ ಮುಳ್ಳು ಎಣಿಸಿದ, ಫೋಟೋ ತೆಗೆದು ಯಾರಿಗೋ ಕಳಿಸಿದ. ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅಡುಗೆಮನೆಯಿಂದ ಒಬ್ಬೊಬ್ಬರೇ ಬಂದರು, ದೂರದಿಂದ ನೋಡಿ ಹೋದವರು ಹತ್ತಿರದಿಂದ ನೋಡಲು ಮತ್ತೆ ಬಂದರು. ವೈಜಿನಾಥನ ನಾಲಿಗೆಗೆ ಕಡಿವಾಣ ಉಳಿಯಲಿಲ್ಲ. ಹೊಟ್ಟೆಯ ಹಸಿವು ತಲೆಗೇರಿ, ಬೆಂಕಿಯ ಹೊಳೆ, ಕೆರೆ, ತೊಗರಿಯ ಚೀಲ, ಬೆರಳಿಗೆ ಬಂದ ಖೋಟಾ ಮೀನು, ಎಲ್ಲವನ್ನೂ ಹಿಂದುಮುಂದಾಗಿ ಹೇಳುತ್ತ ಹೋದ. ಇದನ್ನು ಲಿಂಗದ ಡಬ್ಬಿಯಲ್ಲಿ ಬಚ್ಚಿಟ್ಟದ್ದನ್ನೂ ಹೇಳಿಬಿಟ್ಟ. ಅನುಸೂಯಾಬಾಯಿ ಒಬ್ಬಳೇ ಜಾಗ ಬಿಟ್ಟು ಏಳಲಿಲ್ಲ, ನಗಲಿಲ್ಲ.

ಗುಲಾಮ ರಸೂಲ ಬೈಕಿನ ಮೇಲೆ ಬಂದಾಗ ಕೂದಲೆಲ್ಲ ಧೂಳಾಗಿತ್ತು. ಇಳಿದು ತಲೆಗೆ ಕರವಸ್ತ್ರ ಕಟ್ಟಿಕೊಂಡು, ಚಪ್ಪಲಿ ಬೀದಿಯಲ್ಲೇ ಬಿಟ್ಟು, ಬೆಳ್ಳಿಯ ಬಳ್ಳಿ ಕೂಡಿಸಿದ ದೊಡ್ಡ ಬಿದ್ರಿ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತ. ಅದರೊಳಗೆ ಗಂಟು, ಕಟ್ಟಿದ್ದು ಕಟ್ಟಿದ ಹಾಗೆಯೇ. ವೈಜಿನಾಥ ಮಣೆಯಿಂದ ಎದ್ದು ಓಡಿಹೋಗಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡ. ಈ ಸಲ ಶಿವದಾರ ತುರಿಸಲಿಲ್ಲ, ಅಥವಾ ತುರಿಸಿದ್ದು ತಿಳಿಯಲಿಲ್ಲ. ಮಲ್ಲಿಕಾರ್ಜುನಪ್ಪ ಬಂದವರ ಊಟವಾಗಿದೆಯೇ ಎಂದು ಕೇಳಿದರು. ಗುಲಾಮ ರಸೂಲ ಸಂಕೋಚದಿಂದ ವೈಜಿನಾಥನ ಮುಖ ನೋಡಿದ. “ಇವತ್ತು ನಮ್ಮ ಮನ್ಯಾಗ ಮೀನ ತಂದಿದ್ದರಿ. ನಿಮ್ಮ ದೇವರು ಮನ್ಯಾಗ ಕುಂತಾರ, ನಾ ಒಲಿ ಹಚ್ಚಂಗಿಲ್ಲ ಅಂದಳ್ರಿ ನಮ್ಮಾಕಿ ಖೈರುನ್ನಿಸಾ.” ಮೊದಲು ನಕ್ಕವರು ಮಲ್ಲಿಕಾರ್ಜುನಪ್ಪನವರೇ, ಆ ಎತ್ತರದ ಮೈ ಅಲುಗಾಡುವ ಹಾಗೆ. ಸಾಲಿನಲ್ಲಿ ಇನ್ನೊಂದು ಮಣೆ ಬಿತ್ತು. ರೊಟ್ಟಿ ಆರಿ ಚರ್ಮದಂತಾಗಿತ್ತು. ವೈಜಿನಾಥ ಎಷ್ಟು ಉಂಡನೆಂಬುದನ್ನು ಬಡಿಸಿದವರೇ ಹೇಳಬೇಕು.

ಎಲೆ ಅಡಿಕೆ ಕೊಡುವಾಗ ಮಲ್ಲಿಕಾರ್ಜುನಪ್ಪ ಅವನನ್ನು ಬದಿಗೆ ಕರೆದು, ಕೆಳದನಿಯಲ್ಲಿ, ವಿಭೂತಿ ಹಚ್ಚುವಾಗಲೇ ತಾವು ಮೀನನ್ನು ನೋಡಿದ್ದಾಗಿ ಹೇಳಿದರು. ಪಕ್ಕದ ಮಣೆ, ಕನ್ನಡಕವಿಲ್ಲದೆಯೂ ಅಷ್ಟು ಕಾಣುತ್ತದೆ. ಇವರು ಲಿಂಗವಿಲ್ಲದೆ ಹೀಗೇ ಉಣ್ಣುತ್ತಾರೋ ಏನೋ ನೋಡೋಣವೆಂದು ಕೂತಿದ್ದೆವು. ಉಂಡಿದ್ದರೆ ನಗುನಗುತ್ತಾ ಕಳಿಸಿಕೊಟ್ಟು, ನಾಳೆ ಮಗಳಿಗೆ ಬೇರೆ ಕಡೆ ನೋಡ್ರಿ ಎಂದು ಹೇಳಿ ಕಳಿಸುತ್ತಿದ್ದೆವು. ಇಷ್ಟು ಹೇಳಿ ಅಡಿಕೆ ಕೈಗಿಟ್ಟು ಒಳಗೆ ಹೋದರು. ಅಂಗಳದಲ್ಲಿ ನಿಂತ ವೈಜಿನಾಥನಿಗೆ ಆ ಮುರಿದ ರೊಟ್ಟಿಯ ತುಣುಕು ಪಲ್ಯ ಹಿಡಿದು ಎಲೆಯ ಮೇಲೆ ನಿಂತಿದ್ದ ಹೊತ್ತು ನೆನಪಾಯಿತು.

ವಾಪಸ್ಸಿನ ದಾರಿಯಲ್ಲಿ ಸ್ವಪ್ನಿಲ ಹಾಡು ಹಾಕಿದ್ದ. ಮೊಬೈಲಿನಲ್ಲಿ ಸೌಂದರ್ಯಾ ಅಳುವ, ನಗುವ ಗೊಂಬೆಗಳನ್ನು ಸಾಲುಸಾಲಾಗಿ ಕಳಿಸಿದ್ದಳು. ಭಾಲ್ಕಿ ಹಿಂದೆ ಬಿದ್ದ ಮೇಲೆ ಅನುಸೂಯಾಬಾಯಿಯ ಕೈ ಸೀಟಿನ ಪಕ್ಕದಿಂದ ಮುಂದೆ ಬಂತು. “ನನ್ನ ವಸ್ತ್ರ ಕೊಡ್ರಿ. ನಡಕ ಹರದೀರಿ.” ವಸ್ತ್ರದಲ್ಲಿ ಮೀನಿತ್ತು. ಕೊಟ್ಟ. ಕೊಟ್ಟು, ಕಿಟಕಿಯ ಗಾಜು ಇಳಿಯುವ ಸದ್ದಿಗೆ ಕಿವಿಯಿಟ್ಟು ಕೂತ. ತೊಗರಿ ಹೊಲಕ್ಕೆ ಎಸೆದರೆ ಎಸೆಯಲಿ, ಬಂದ ಜಾಗಕ್ಕೇ ಹೋಗುತ್ತದೆ, ಖರೇ ಎಂಬುದಂತೂ ಗೊತ್ತಾಯಿತಲ್ಲ. ಗಾಜು ಇಳಿಯಿತು. ಗಾಳಿ ಬಂತು. ಎರಡು ದಿನ ತನ್ನ ಭಕ್ತಿಯನ್ನು ಕಂಡು ಅವಳು ಪಟ್ಟ ಸಂತೋಷ ನೆನಪಾಗಿ, ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಲಬರ್ಗಾ ಊರು ದಾಟಿತು. ಕೊನೆಗೆ ತಡೆಯದೆ ಸ್ವಪ್ನಿಲನ ತಲೆಯ ಮೇಲಿನ ಕನ್ನಡಿಯತ್ತ ಓರೆಗಣ್ಣು ಹಾಯಿಸಿದ. ಅನುಸೂಯಾಬಾಯಿ ಯಾರೂ ನೋಡುತ್ತಿಲ್ಲವೆಂದು ಮುಖವನ್ನು ಪೂರಾ ಹೊರಗಿನ ಹೊಲಗಳ ಕಡೆ ತಿರುಗಿಸಿ, ಸೆರಗು ಮರೆಮಾಡಿ, ಅಂಗೈಯನ್ನು ಬಾಯಿಯ ಹತ್ತಿರ ತಂದಿದ್ದಳು. ನಾಲಿಗೆಯ ತುದಿ ಇಷ್ಟೇ ಇಷ್ಟು ಹೊರಗೆ ಬಂದು, ಹಿಂದೆ ಹೋಗಿ, ಮತ್ತೆ ಬಂದು ಕಲ್ಲಿಗೆ ತಾಗಿತು. ಕಣ್ಣು ಅಗಲವಾದವು. ಕೈ ಎಳೆದಳು, ಬರಲಿಲ್ಲ, ಇನ್ನೊಮ್ಮೆ ಎಳೆದಳು. ಕಲ್ಲು ಬಿಟ್ಟ ಮೇಲೂ ಬೆರಳಿಂದ ನಾಲಿಗೆ ಮುಟ್ಟಿ ನೋಡಿಕೊಳ್ಳುತ್ತ ಬಹಳ ಹೊತ್ತು ಕೂತಳು, ಆಮೇಲೆ ಮೀನನ್ನು ವಸ್ತ್ರದಲ್ಲಿ ಸುತ್ತಿ, ಗಂಟು ಬಿಗಿದು, ಮಡಿಲಲ್ಲಿ ಇಟ್ಟುಕೊಂಡಳು.

“ಖರೇ ಅದರಿ,” ಎಂದಳು.